ಗಂಟು ಜಾರಿತೋ, ದಾರ ಹರಿಯಿತೋ? ತುದಿ ನೋಡಿದರೆ ಗೊತ್ತಾಗುತ್ತದೆ

ಪ್ರಶ್ನೆ: ನಮಸ್ಕಾರ ಸರ್. ನಾನು ಚನ್ನಗಿರಿಯವನು. ಸಣ್ಣವನಿದ್ದಾಗಿಂದ ಸೂಳೆಕೆರೆಯಲ್ಲಿ ಬಿದಿರು ಕೋಲು, ಎರೆಹುಳ ಹಿಡಿದು ಗಾಳ ಹಾಕಿದವನು. ಹೋದ ವರ್ಷ ನಮ್ಮ ಭಾವ ಹೊರದೇಶದಿಂದ ಬರುವಾಗ ಐದನೇ ನಂಬರಿನ ಫ್ಲೈ ರಾಡ್, ರೀಲ್, ಲೈನ್ ತಂದುಕೊಟ್ಟರು. ಎರೆಹುಳದ ಬದಲು ಗರಿ, ನೂಲಿನಿಂದ ಮಾಡಿದ ಫ್ಲೈ ಕಟ್ಟಿ ಬೀಸಿ ಎಸೆಯೋದು. ಬೀಸೋದು ಒಂದು ಮಟ್ಟಿಗೆ ಬಂದಿದೆ. ಆದರೆ ಗಂಟು ಕೈ ಕೊಡುತ್ತಿದೆ. ಎರಡು ತಿಂಗಳಲ್ಲಿ ಮೂರು ಒಳ್ಳೆ ಮೀನು ತಪ್ಪಿದವು. ಎರಡು ಸಲ ಫ್ಲೈ ಕಟ್ಟಿದ ಜಾಗದಲ್ಲೇ ಬಿಟ್ಟುಹೋಯಿತು, ದಾರದ ತುದಿ ಹೀರೆಬಳ್ಳಿಯ ಕುಡಿ ಹಾಗೆ ಸುರುಳಿಯಾಗಿತ್ತು. ಇನ್ನೊಂದು ಸಲ ನಡುವೆ ಹರಿಯಿತು. 5 ಎಕ್ಸ್ ಫ್ಲೂರೋಕಾರ್ಬನ್ ದಾರ, 8ನೇ ನಂಬರಿನ ಗಾಳ, ಕ್ಲಿಂಚ್ ಗಂಟು, ಮೂರು ಸುತ್ತು. ಲೈನಿನ ತುದಿಯಲ್ಲಿ ಕಂಪನಿಯವರೇ ಮಾಡಿದ ಕುಣಿಕೆ ಇದೆ, ಅದಕ್ಕೆ ಲೀಡರನ್ನು, ಅಂದರೆ ಲೈನಿನ ಮುಂದೆ ಬರುವ ತೆಳು ದಾರವನ್ನು, ಗಂಟು ಹಾಕಿದ್ದೇನೆ. ಆ ಗಂಟು ರಾಡಿನ ತುದಿ ರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಗಟ್ಟಿ ಗಂಟು ಯಾವುದು? ಒಟ್ಟು ಎಷ್ಟು ಗಂಟು ಕಲಿಯಬೇಕು?

ಉತ್ತರ: ಗಟ್ಟಿ ಗಂಟು ಯಾವುದು ಅನ್ನೋದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆ ಮಾತು. ಮೀನು ತಪ್ಪಿದ ಮೇಲೆ ನೀವು ದಾರದ ತುದಿ ನೋಡಿದ್ದೀರಿ. ಬಹಳ ಜನ ನೋಡೋದೇ ಇಲ್ಲ. ಹಣೆ ಚಚ್ಚಿಕೊಂಡು ಇನ್ನೊಂದು ಫ್ಲೈ ಕಟ್ಟುತ್ತಾರೆ, ಅದೇ ತಪ್ಪು ಮತ್ತೆ ಆಗುತ್ತದೆ. ನಿಮಗೆ ಬೇಕಾದ ಉತ್ತರದ ಮುಕ್ಕಾಲು ಭಾಗ ಆ ತುದಿಯಲ್ಲೇ ಇದೆ.

ತುದಿ ಸುರುಳಿಯಾಗಿತ್ತು ಅಂದಿರಿ. ಅಂದರೆ ದಾರ ಹರಿದಿಲ್ಲ. ಗಂಟು ಬಿಚ್ಚಿಕೊಂಡು ಹೋಗಿದೆ. ಸುತ್ತುಗಳು ಜಾರುವಾಗ ದಾರಕ್ಕೆ ದಾರ ಉಜ್ಜಿದೆ, ಆ ಉಜ್ಜಾಟಕ್ಕೆ ಸುರುಳಿ ಬಿದ್ದಿದೆ. ಹೂಗುಚ್ಛದ ಪ್ಲಾಸ್ಟಿಕ್ ರಿಬ್ಬನ್ನನ್ನು ಕತ್ತರಿ ಅಲಗಿನ ಮೇಲೆ ಎಳೆದರೆ ಗುಂಗುರಾಗುತ್ತದಲ್ಲ, ಅದೇ ಕೆಲಸ. ದಾರಕ್ಕೆ ಶಕ್ತಿ ಇತ್ತು, ಗಂಟು ಅದನ್ನು ಹಿಡಿದುಕೊಳ್ಳಲಿಲ್ಲ. ಇಂಥ ಕಡೆ ಇನ್ನೂ ದಪ್ಪ ದಾರ ಹಾಕಿದರೂ ಅಷ್ಟೇ, ಜಾರುವ ಗಂಟು ಜಾರುತ್ತದೆ.

ತುದಿ ಚಪ್ಪಟೆಯಾಗಿ, ಬಿಳಿಚಿಕೊಂಡು, ಒಂದೇ ಒಂದು ಮಡಿಕೆ ಉಳಿದಿದ್ದರೆ ಗಂಟಿನ ಒಳಗೇ ಹರಿದಿದೆ ಅಂತ ಅರ್ಥ. ಒಣ ಗಂಟನ್ನು ಜೋರಾಗಿ ಎಳೆದವರಿಗೆ ಇದು ಕಾಣಿಸುತ್ತದೆ. ಹರಿದ ಜಾಗದಿಂದ ಮೇಲಕ್ಕೆ ಒಂದು ಗೇಣು ದಾರವನ್ನು ಉಗುರಿನ ಮೇಲೆ ಎಳೆದಾಗ ತರಿತರಿ ಅಂದರೆ ಕಲ್ಲಿಗೋ ಮುಳ್ಳಿಗೋ ಉಜ್ಜಿದೆ. ದಾರ ನುಣ್ಣಗೇ ಇದ್ದು, ಹರಿದ ಕಡೆ ಸಣ್ಣ ಕೊಕ್ಕೆಯ ಹಾಗೆ ಬಾಗಿದ್ದರೆ ಅಲ್ಲೊಂದು ಗಾಳಿಗಂಟು, ಅಂದರೆ ಬೀಸುವಾಗ ತಾನಾಗೇ ಬೀಳುವ ಗಂಟು, ಬಿದ್ದಿತ್ತು. ನಿಮ್ಮ ಮೂರನೇ ಮೀನು ಈ ಎರಡರಲ್ಲಿ ಒಂದಕ್ಕೆ ಹೋಗಿದೆ.

ಉಜ್ಜೋದು ಅಂದರೆ ನನಗೆ ಮಾರಿಕಣಿವೆ ನೆನಪಾಗುತ್ತದೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಜಾಲಿ ಬೆಳೆದು ಗಟ್ಟಿಯಾಗಿತ್ತು, ಅದೆಲ್ಲ ನೀರಿನಡಿ ಹೋಯಿತು. ಮೇಲಿಂದ ನೋಡಿದರೆ ತಿಳಿನೀರು, ಕೆಳಗೆ ಮುಳ್ಳು. ಆಮೇಲೆ ಒಂದು ದಿನ ಬೆಳಗ್ಗೆ ಅಲ್ಲಿ ನಾಲ್ಕು ಫ್ಲೈ ಕಳೆದುಕೊಂಡೆ. ನಾಲ್ಕರ ತುದಿಯೂ ತರಿತರಿ. ಗಂಟು ಒಂದೂ ಜಾರಿರಲಿಲ್ಲ. ಅಲ್ಲಿ ಕೂತು ಗಂಟು ಬದಲಾಯಿಸಿದ್ದರೆ ಏನೂ ಉಪಯೋಗ ಇರಲಿಲ್ಲ. ನೂರು ಹೆಜ್ಜೆ ಆಚೆ, ಜಾಲಿ ಇಲ್ಲದ ಕಡೆ ಹೋಗಿ ನಿಂತ ಮೇಲೆ ಒಂದೂ ಹೋಗಲಿಲ್ಲ.

ಈಗ ನಿಮ್ಮ ಎರಡು ಸುರುಳಿಗಳ ಕಥೆಗೆ ಬರೋಣ. ಮೊದಲು ಒಂದು ನನ್ನದೇ ಅನುಭವ ಹೇಳುತ್ತೇನೆ, ಯಾಕೆಂದರೆ ಗಂಟು ಹೇಗೆ ಹಿಡಿಯುತ್ತದೆ ಅನ್ನೋದು ನನಗೆ ಅರ್ಥವಾದದ್ದು ಅಲ್ಲಿಂದ.

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ವೈಂಡಿಂಗ್ ಖಾತೆಯಲ್ಲಿದ್ದರು. ಹರಿದ ನೂಲಿಗೆ ಗಂಟು ಹಾಕೋದೇ ದಿನವಿಡೀ ಕೆಲಸ. ನೇಕಾರರ ಗಂಟನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕುತ್ತಿದ್ದರು. ಒಂದು ಎಳೆಯನ್ನು ಮಡಿಸಿ ಕುಣಿಕೆ ಮಾಡೋದು, ಇನ್ನೊಂದು ಎಳೆ ಅದರೊಳಗೆ ಬಂದು, ಕುತ್ತಿಗೆ ಸುತ್ತಿ, ತನ್ನಡಿಗೇ ತೂರಿಕೊಳ್ಳೋದು. ಗಂಟು ಸಾಸಿವೆಗಿಂತ ಸಣ್ಣದು, ಮಗ್ಗದ ಹಣಿಗೆಯಲ್ಲಿ ಸಿಕ್ಕದೆ ಹಾದುಹೋಗುತ್ತದೆ. ನಾನು ಹುಡುಗನಾಗಿದ್ದಾಗ ಅದೇ ಗಂಟನ್ನು ತಂಗೂಸಿಗೆ, ಅಂದರೆ ಗಾಳದ ನೈಲಾನ್ ದಾರಕ್ಕೆ ಹಾಕಿ, ಕೊಂಡಜ್ಜಿ ಕೆರೆಗೆ ಗಾಳ ಹಾಕಿದೆ. ಕೈಯಲ್ಲಿ ಎಳೆದಾಗ ಗಟ್ಟಿಯಾಗೇ ಇತ್ತು. ಗೆಂಡೆ ಎಳೆದಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಟ್ಟುಕೊಂಡಿತು. ಮನೆಗೆ ಬಂದು ಅಪ್ಪನಿಗೆ ತೋರಿಸಿದೆ. ಅವರು ನೂಲಿನ ಒಂದು ತುಂಡು, ತಂಗೂಸಿಯ ಒಂದು ತುಂಡು ಎರಡನ್ನೂ ನನ್ನ ಬೆರಳ ಸಂದಿಯಲ್ಲಿ ಇಟ್ಟು ಎಳೆದರು. ನೂಲು ತೊಡರುತ್ತಾ ಬಂತು, ತಂಗೂಸಿ ಸರ್ರನೆ ಹೋಯಿತು. ಅಷ್ಟೇ ಪಾಠ.

ಹತ್ತಿ ನೂಲಿಗೆ ಮೈತುಂಬ ಜುಂಗು ಇರುತ್ತದೆ. ಒಂದೇ ಸುತ್ತು ಸಾಕು, ಹಿಡಿದುಕೊಳ್ಳುತ್ತದೆ. ನೈಲಾನ್ ನುಣುಪು. ಹಿಡಿತ ಸಿಗಬೇಕಾದರೆ ಸುತ್ತುಗಳ ಸಂಖ್ಯೆ ಜಾಸ್ತಿ ಬೇಕು, ಸುತ್ತುಗಳು ಒಂದಕ್ಕೊಂದು ಒತ್ತಿ ಕೂರಬೇಕು. ಗಾಳದ ಗಂಟುಗಳೆಲ್ಲ ಐದು ಸುತ್ತು, ಆರು ಸುತ್ತು ಅಂತ ಹೇಳೋದು ಇದಕ್ಕೇ. ಫ್ಲೂರೋಕಾರ್ಬನ್ ನೈಲಾನಿಗಿಂತ ಗಡಸು. ಸುತ್ತಿದ ಕಡೆ ಮೆತ್ತಗೆ ಅಮುಕಿಕೊಳ್ಳೋದಿಲ್ಲ. ನೀವು ಆ ಗಡಸು ದಾರಕ್ಕೆ ಮೂರೇ ಸುತ್ತು ಹಾಕಿದ್ದೀರಿ. ಜಾರದೆ ಇನ್ನೇನು ಮಾಡೀತು?

ಹಾಗಾದರೆ ಫ್ಲೈ ಕಟ್ಟೋದು ಹೇಗೆ ಅಂತ ಒಂದು ಸಲ ನಿಧಾನವಾಗಿ ನೋಡೋಣ. ನಿಮಗೆ ಬರುವ ಕ್ಲಿಂಚ್ ಗಂಟೇ ಸಾಕು, ಅದರ ಸುಧಾರಿಸಿದ ರೂಪ ಕಲಿಯಿರಿ. ಗಾಳದ ಕಣ್ಣಿನೊಳಗೆ ದಾರ ತೂರಿಸಿ ಒಂದು ಗೇಣು ಹೊರಗೆ ಎಳೆದುಕೊಳ್ಳಿ. ಇಲ್ಲಿ ಕಂಜೂಸಿ ಬೇಡ, ತುದಿ ಗಿಡ್ಡವಾದರೆ ಬೆರಳಿಗೆ ಸಿಗದೆ ಅವಸರ ಮಾಡುತ್ತೀರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದು ಸಲ ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ತೂರಿಸಿ. ಹಾಗೆ ತೂರಿಸಿದಾಗ ಪಕ್ಕದಲ್ಲಿ ಇನ್ನೊಂದು ದೊಡ್ಡ ಕುಣಿಕೆ ಹುಟ್ಟುತ್ತದೆ. ತುದಿಯನ್ನು ಅದರೊಳಗೂ ಒಮ್ಮೆ ಹಾಯಿಸಿ. ಈ ಕೊನೆಯ ಹಾಯಿಸುವಿಕೆಯೇ ಸುಧಾರಣೆ. ಅದು ತುದಿಯನ್ನು ಅಮುಕಿ ಹಿಡಿಯುತ್ತದೆ.

ಇಲ್ಲಿಗೆ ಗಂಟು ಕಟ್ಟಿದ್ದಾಯಿತು. ಇನ್ನೂ ಕೂರಿಸಿಲ್ಲ. ಕಟ್ಟೋದು ಬೇರೆ, ಕೂರಿಸೋದು ಬೇರೆ. ಮೀನು ತಪ್ಪಿಸುವುದು ಈ ಎರಡನೇ ಕೆಲಸದ ಅವಸರ.

ಮೊದಲು ಗಂಟು ಒದ್ದೆ ಮಾಡಿ. ಪುಸ್ತಕಗಳಲ್ಲಿ ಎಂಜಲು ಹಚ್ಚಿ ಅಂತ ಇರುತ್ತದೆ. ಊರ ಪಕ್ಕದ ಕೆರೆಗಳಲ್ಲಿ ಚರಂಡಿ ನೀರೂ ಸೇರಿರುತ್ತದೆ, ಅದರಲ್ಲಿ ಅದ್ದಿದ ದಾರವನ್ನು ಬಾಯಿಗೆ ಇಡಬೇಡಿ. ಕುಡಿಯುವ ಬಾಟಲಿಯಿಂದ ಎರಡು ಹನಿ ಸಾಕು. ಒಣ ದಾರ ಉಜ್ಜಿದರೆ ಬಿಸಿಯಾಗುತ್ತದೆ, ಬಿಸಿಗೆ ನೈಲಾನಿನ ಮೈ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣೋದಿಲ್ಲ, ಮೀನು ಎಳೆದಾಗ ಗೊತ್ತಾಗುತ್ತದೆ. ಒದ್ದೆ ಮಾಡಿದ ಮೇಲೆ ತುದಿಯನ್ನು ಮೆಲ್ಲಗೆ ಹಿಡಿದುಕೊಂಡು ಮೂಲ ದಾರವನ್ನು ನಿಧಾನಕ್ಕೆ ಎಳೆಯಿರಿ. ಆಗ ಗಂಟನ್ನೇ ನೋಡುತ್ತಿರಿ. ಸುತ್ತುಗಳು ಸಡಿಲವಾಗಿ ಅಲ್ಲಾಡುತ್ತಿರುತ್ತವೆ, ಆಮೇಲೆ ಒಂದೊಂದೇ ಸಾಲಿಗೆ ಬರುತ್ತವೆ. ಬುಗುರಿಗೆ ಚಾಟಿ ಸುತ್ತಿದಾಗ ಹೇಗೆ ಪಕ್ಕಪಕ್ಕ ಕೂರುತ್ತದೋ ಹಾಗೆ ಕೂರಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೆ ಆ ಗಂಟು ಬೇಡ, ಕತ್ತರಿಸಿ ಹೊಸದಾಗಿ ಕಟ್ಟಿ. ಸುತ್ತುಗಳು ಸರಿಯಾಗಿ ಕೂತರೆ ಗಂಟು ತಾನೇ ಸರಿದು ಗಾಳದ ಕಣ್ಣಿಗೆ ಒತ್ತಿಕೊಳ್ಳುತ್ತದೆ. ಆಗ ಮಾತ್ರ ಜೋರು ಹಾಕಿ. ಎರಡು ಸಲ ಗಟ್ಟಿಯಾಗಿ, ಜಗ್ಗದೆ, ಒತ್ತಿ ಎಳೆಯಿರಿ. ಬಿಡೋದಾದರೆ ನಿಮ್ಮ ಕೈಯಲ್ಲೇ ಬಿಡಲಿ. ಗಾಳವನ್ನು ಬರಿ ಬೆರಳಲ್ಲಿ ಹಿಡಿದು ಈ ಪರೀಕ್ಷೆ ಮಾಡಬೇಡಿ, ಇಕ್ಕಳ ಇರಲಿ.

ಕೊನೆಗೆ ತುದಿ ಕತ್ತರಿಸುವಾಗ ಎರಡು ಮಿಲಿಮೀಟರ್ ಬಿಡಿ. ಬುಡಕ್ಕೆ ನೈಸಾಗಿ ಕತ್ತರಿಸಿದರೆ ನೋಡಲು ಚೆಂದ. ಆದರೆ ಗಂಟು ಭಾರ ಬಿದ್ದಾಗ ಒಂದಿಷ್ಟು ಸರಿದೇ ಸರಿಯುತ್ತದೆ. ಅಷ್ಟಕ್ಕೆ ಜಾಗ ಇಲ್ಲದಿದ್ದರೆ ತುದಿ ಒಳಗೆ ಹೋಗಿ, ಗಂಟು ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಸುತ್ತು ಎಷ್ಟು ಅನ್ನೋದು ದಾರದ ದಪ್ಪದ ಮೇಲೆ. ತೆಳು ದಾರಕ್ಕೆ ಐದು, ಆರು. ದಪ್ಪ ದಾರಕ್ಕೆ ನಾಲ್ಕು, ತೀರಾ ದಪ್ಪಕ್ಕೆ ಮೂರು. ದಪ್ಪ ದಾರಕ್ಕೆ ಆರು ಸುತ್ತು ಹಾಕಿದರೆ ಅದು ಕೂರೋದೇ ಇಲ್ಲ, ಹೊರಗಿನಿಂದ ಕೂತ ಹಾಗೆ ಕಂಡರೂ ಒಳಗೆ ಸಡಿಲ.

ನಿಮ್ಮ ದಾರ ಮತ್ತು ಗಾಳದ ಜೋಡಿಯೂ ಸರಿಯಿಲ್ಲ. ಎಕ್ಸ್ ಲೆಕ್ಕ ಮೊದಲಿಗೆ ತಲೆ ತಿನ್ನುತ್ತದೆ, ಆದರೆ ಸುಲಭ. 11ರಲ್ಲಿ ಎಕ್ಸ್ ನಂಬರ್ ಕಳೆಯಿರಿ, ಉಳಿದದ್ದು ಇಂಚಿನ ಸಾವಿರದಲ್ಲಿ ಅಷ್ಟು ಭಾಗ. 5 ಎಕ್ಸ್ ಅಂದರೆ 6, ಅಂದರೆ ಸುಮಾರು 0.15 ಮಿ.ಮೀ. 3 ಎಕ್ಸ್ ಅಂದರೆ 8, ಸುಮಾರು 0.20 ಮಿ.ಮೀ. ಯಾವ ಗಾಳಕ್ಕೆ ಯಾವ ದಾರ ಅಂತ ತಿಳಿಯಲು ಗಾಳದ ನಂಬರನ್ನು ಮೂರರಿಂದ ಭಾಗಿಸಿ. 12ನೇ ನಂಬರಿಗೆ 4 ಎಕ್ಸ್. ನಿಮ್ಮ 8ನೇ ನಂಬರಿಗೆ 3 ಎಕ್ಸ್ ಬೇಕು. ನಂಬರ್ ಸಣ್ಣದಾದಷ್ಟೂ ಗಾಳ ದೊಡ್ಡದು, ದೊಡ್ಡ ಗಾಳದ ಕಣ್ಣಿನ ಕಂಬಿ ದಪ್ಪ. ಅದರ ಮೇಲೆ ಕೂದಲಿನಂಥ ದಾರ ಹಿಡಿತ ಸಿಗದೆ ಆಡುತ್ತದೆ. ಬೀಸುವಾಗ ಫ್ಲೈ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ಸೂಳೆಕೆರೆಯ ಜಿಲೇಬಿ, ಗೆಂಡೆಗೆ 3 ಎಕ್ಸ್ ನೈಲಾನ್ ಹಾಕಿ ನೋಡಿ. ಫ್ಲೂರೋಕಾರ್ಬನ್ ಬಿಡಿ ಅಂತಲ್ಲ. ಅದು ಬೇಗ ಮುಳುಗುತ್ತದೆ, ನೀರು ಕುಡಿಯೋದಿಲ್ಲ, ಉಜ್ಜಾಟಕ್ಕೆ ತಡೆಯುತ್ತದೆ. ಆದರೆ ಗಂಟು ಕೂರಿಸೋದು ಕೈಗೆ ಹತ್ತುವವರೆಗೆ ನೈಲಾನ್ ಕ್ಷಮಿಸುವಷ್ಟು ಅದು ಕ್ಷಮಿಸೋದಿಲ್ಲ.

ಈ ಎಕ್ಸ್ ಅನ್ನೋ ಲೆಕ್ಕಕ್ಕೂ ನಮ್ಮ ಕಡೆಯ ರೇಷ್ಮೆಗೂ ನಂಟಿದೆ, ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ. ನೈಲಾನ್ ಹುಟ್ಟಿದ್ದು 1935ರಲ್ಲಿ, ಡ್ಯೂಪಾಂಟ್ ಕಂಪನಿಯ ವ್ಯಾಲೇಸ್ ಕೆರೋಥರ್ಸ್ ಅವರ ಪ್ರಯೋಗಾಲಯದಲ್ಲಿ. ಅದಕ್ಕೂ ಮೊದಲು ಫ್ಲೈ ಕಟ್ಟುತ್ತಿದ್ದದ್ದು ರೇಷ್ಮೆ ಹುಳದ ಒಳಗಿನ ದಾರಕ್ಕೆ. ಮೊಳಕಾಲ್ಮುರಿನ ಸೀರೆಗೆ ಹುಳ ಗೂಡು ಕಟ್ಟಿದ ಮೇಲೆ ನೂಲು ಬಿಚ್ಚುತ್ತಾರೆ. ಸ್ಪೇನಿನ ಮುರ್ಸಿಯಾದಲ್ಲಿ ಹುಳ ಇನ್ನೇನು ಗೂಡು ಕಟ್ಟಬೇಕು ಅನ್ನುವಾಗಲೇ ಅದನ್ನು ವಿನಿಗರಿನಲ್ಲಿ ನೆನೆಸಿ, ಹೊಟ್ಟೆಯ ರೇಷ್ಮೆ ಗ್ರಂಥಿ ಹೊರತೆಗೆದು, ಎಳೆದು ಒಂದೇ ಗಟ್ಟಿ ಎಳೆ ಮಾಡುತ್ತಿದ್ದರು. ಅದನ್ನು ತೆಳ್ಳಗೆ ಮಾಡಲು ತಟ್ಟೆಯ ಸಣ್ಣ ತೂತುಗಳಲ್ಲಿ ಎಳೆಯುತ್ತಿದ್ದರು. ಎಷ್ಟು ಸಲ ಎಳೆದರೋ ಅಷ್ಟು ಎಕ್ಸ್. ಒಂದೊಂದು ಎಳೆ ಒಂದು ಅಡಿ, ಒಂದೂವರೆ ಅಡಿ ಅಷ್ಟೇ. ಹಾಗಾಗಿ ಒಂಬತ್ತು ಅಡಿ ಲೀಡರ್ ಬೇಕೆಂದರೆ ತುಂಡುಗಳನ್ನು ಗಂಟು ಹಾಕಿ ಹಾಕಿ ಸೇರಿಸಬೇಕಿತ್ತು. ಕಟ್ಟುವ ಮೊದಲು ನೆನೆಸಲೇಬೇಕು, ಒಣಗಿದ್ದರೆ ಪಟ್ಟನೆ ಮುರಿಯುತ್ತಿತ್ತು. ನಮ್ಮ ಅತ್ತೆಯ ಮನೆ ಮೊಳಕಾಲ್ಮುರಿನಲ್ಲಿ. ಮಗ್ಗದ ಹಳೆ ಹಾಸಿನ (ಉದ್ದ ಎಳೆಗಳ) ತುದಿಗೆ ಹೊಸ ಹಾಸಿನ ಎಳೆ ಸೇರಿಸೋದಕ್ಕೆ ನೇಕಾರರು ಕೆಚ್ಚೋದು ಅನ್ನುತ್ತಾರೆ. ಸಾವಿರಾರು ಎಳೆ, ಒಂದೊಂದನ್ನೂ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಆ ಬೆರಳುಗಳನ್ನು ಪಕ್ಕದಲ್ಲಿ ಕೂತು ನೋಡಿ. ಅವಸರ ಮಾಡದೆ ಬೇಗ ಮಾಡೋದು ಅಂದರೆ ಏನು ಅಂತ ತಿಳಿಯುತ್ತದೆ.

ಇನ್ನು ಸೇರುವೆಗಳು. ಬಿದಿರು ಕೋಲಿನ ಗಾಳದಲ್ಲಿ ಕೋಲಿನಿಂದ ಕೊಕ್ಕೆಯವರೆಗೆ ಒಂದೇ ದಾರ. ಎಸೆಯುವ ಭಾರ ಸೀಸದ ಗುಂಡಿನಲ್ಲಿರುತ್ತದೆ. ಫ್ಲೈಗೆ ಭಾರವೇ ಇಲ್ಲ, ಗರಿ ಮತ್ತು ನೂಲು. ಭಾರ ಇರೋದು ಲೈನಿನಲ್ಲಿ. ನಿಮ್ಮ ಐದನೇ ನಂಬರ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಆ ದಪ್ಪ ಲೈನ್ ಮೀನಿನ ತಲೆಯ ಮೇಲೆ ಬೀಳಬಾರದು ಅಂತ ಮುಂದೆ ಸಣ್ಣಗಾಗುತ್ತಾ ಹೋಗುವ ಲೀಡರ್, ಅದರ ಮುಂದೆ ತೆಳು ಟಿಪ್ಪೆಟ್. ಹಿಂದುಗಡೆ, ದೊಡ್ಡ ಮೀನು ಓಡಿದರೆ ಬೇಕಾಗುತ್ತದೆ ಅಂತ ಬ್ಯಾಕಿಂಗ್ ದಾರ. ಹೀಗಾಗಿ ರೀಲಿನಿಂದ ಫ್ಲೈವರೆಗೆ ಐದು ಕಡೆ ಕಟ್ಟಬೇಕು.

ಎಲ್ಲ ಐದೂ ಒಂದೇ ಸಮ ಗಟ್ಟಿ ಇರಬೇಕು ಅಂತ ನೀವು ಅಂದುಕೊಂಡಿರಬಹುದು. ಹಾಗಲ್ಲ. ಹರಿಯೋದಾದರೆ ಫ್ಲೈ ಹತ್ತಿರವೇ ಹರಿಯಬೇಕು. ಹಿಂದಿನ ಸೇರುವೆಗಳು ಟಿಪ್ಪೆಟ್ಟಿಗಿಂತ ಗಟ್ಟಿ ಇರಲೇಬೇಕು. ಇಲ್ಲದಿದ್ದರೆ ಸಾವಿರಾರು ರೂಪಾಯಿಯ ಲೈನ್ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬಾಯಲ್ಲಿ ಗಾಳ ಸಿಕ್ಕ ಮೀನು ಮಾರುಗಟ್ಟಲೆ ದಾರ ಎಳೆದುಕೊಂಡು ತಿರುಗಿ, ಎಲ್ಲೋ ಗಿಡಕ್ಕೆ ಸಿಕ್ಕಿ ಸಾಯುತ್ತದೆ.

ಹಿಂದಿನ ಎರಡನ್ನು ಬೇಗ ಹೇಳುತ್ತೇನೆ. ಬ್ಯಾಕಿಂಗನ್ನು ರೀಲಿಗೆ ಕಟ್ಟಲು ಜಾರುಗುಣಿಕೆ ಸಾಕು. ರೀಲ್ ಸುತ್ತಿ ತಂದು ಮೂಲ ದಾರಕ್ಕೆ ಒಂದು ಸಾದಾ ಗಂಟು, ತುದಿಗೆ ತಡೆಯಾಗಿ ಇನ್ನೊಂದು ಸಾದಾ ಗಂಟು, ಎಳೆದರೆ ಬಿಗಿಯುತ್ತದೆ. ಆರ್ಬರ್ ಗಂಟು ಅನ್ನೋದು ಇದನ್ನೇ. ಬ್ಯಾಕಿಂಗ್ ಮತ್ತು ಲೈನ್ ಸೇರಿಸಲು ಆಲ್‌ಬ್ರೈಟ್ ಗಂಟು. ಫ್ಲೋರಿಡಾದ ಮೀನುಗಾರ ಜಿಮ್ಮಿ ಆಲ್‌ಬ್ರೈಟ್ ಅವರ ಹೆಸರಿನದು. ದಪ್ಪ ಲೈನನ್ನು ಮಡಿಸಿ, ಆ ಮಡಿಕೆಯೊಳಗಿಂದ ತೆಳು ದಾರ ಬಂದು, ಮಡಿಕೆಯ ಮೇಲೆ ಹತ್ತು ಸುತ್ತು ಸುತ್ತಿ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಇವೆರಡನ್ನೂ ವರ್ಷಕ್ಕೊಮ್ಮೆ ಕಟ್ಟಿದರೆ ಮುಗಿಯಿತು.

ಲೈನ್ ಮತ್ತು ಲೀಡರ್ ಸೇರುವೆ ನಿಮಗೆ ತೊಂದರೆ ಕೊಡುತ್ತಿದೆ. ಲೈನಿನ ಕುಣಿಕೆಗೆ ಲೀಡರನ್ನು ಗಂಟು ಹಾಕಬೇಡಿ. ಎರಡು ತೊಂದರೆ. ಗಂಟು ಗಡ್ಡೆಯಾಗಿ ರಿಂಗಿಗೆ ಸಿಕ್ಕುತ್ತದೆ. ಜೊತೆಗೆ ತೆಳು ದಾರ ಮೆತ್ತನೆ ಪಿವಿಸಿ ಹೊದಿಕೆಯನ್ನು ಒಂದೇ ಕಡೆ ಕೊಯ್ಯುತ್ತದೆ. ಲೀಡರಿನ ದಪ್ಪ ತುದಿಗೂ ಒಂದು ಕುಣಿಕೆ ಇರಬೇಕು. ಅಂಗಡಿಯ ಲೀಡರಿಗೆ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಪರ್ಫೆಕ್ಷನ್ ಲೂಪ್ ಕಲಿಯಿರಿ, ಅದು ದಾರದ ನೇರಕ್ಕೇ ನಿಲ್ಲುತ್ತದೆ, ಪಕ್ಕಕ್ಕೆ ವಾಲೋದಿಲ್ಲ. ಲೀಡರಿನ ಕುಣಿಕೆಯನ್ನು ಲೈನಿನ ಕುಣಿಕೆಯ ಮೇಲೆ ಹಾಯಿಸಿ, ಲೀಡರಿನ ಇನ್ನೊಂದು ತುದಿಯನ್ನು ಲೈನಿನ ಕುಣಿಕೆಯೊಳಗಿಂದ ಪೂರ್ತಿ ಎಳೆದುಕೊಳ್ಳಿ. ಬಿಗಿಯುವಾಗ ಕಣ್ಣಿಟ್ಟು ನೋಡಿ. ಇಬ್ಬರು ಬೆರಳಿಗೆ ಬೆರಳು ಕೊಕ್ಕೆ ಹಾಕಿ ಎಳೆದ ಹಾಗೆ ಎರಡು ಕುಣಿಕೆಗಳೂ ಸಮ ಬಾಗಿರಬೇಕು. ಒಂದು ನೇರ ನಿಂತು, ಇನ್ನೊಂದು ಅದರ ಕುತ್ತಿಗೆಗೆ ಉರುಳಿನ ಹಾಗೆ ಬಿದ್ದಿದ್ದರೆ ತಪ್ಪು, ಬಿಚ್ಚಿ ಸರಿಮಾಡಿ. ಉರುಳು ಬಿದ್ದ ಕಡೆ ಲೈನಿನ ಹೊದಿಕೆ ಸೀಳುತ್ತದೆ.

ಆ ಕುಣಿಕೆ ಒಂದಲ್ಲ ಒಂದು ದಿನ ಸೀಳೇ ಸೀಳುತ್ತದೆ. ಆಗ ಅದನ್ನು ಕತ್ತರಿಸಿ ನೇಲ್ ಗಂಟು ಹಾಕಿ. ಹೆಸರಿಗೆ ಮೊಳೆ, ಆದರೆ ಮೊಳೆಗಿಂತ ಖಾಲಿಯಾದ ಬಾಲ್‌ಪೆನ್ ರೀಫಿಲ್ ಒಳ್ಳೇದು. ಎರಡು ಇಂಚು ಕತ್ತರಿಸಿ, ಒಳಗಿನ ಇಂಕನ್ನು ಸ್ಯಾನಿಟೈಸರ್ ಹಾಕಿ ತೊಳೆದುಕೊಳ್ಳಿ. ಲೈನಿನ ತುದಿ, ರೀಫಿಲ್, ಲೀಡರ್ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಲೈನಿನ ತುದಿಯೂ ಲೀಡರಿನ ದಪ್ಪ ತುದಿಯೂ ಎದುರುಬದುರು ದಿಕ್ಕಿಗೆ ಇರಲಿ. ಲೀಡರಿನ ದಪ್ಪ ತುದಿ ಒಂದು ಗೇಣು ಹೆಚ್ಚಿಗೆ ಬಿಟ್ಟುಕೊಂಡು, ಅದರಿಂದ ಮೂರರ ಮೇಲೂ ಲೈನಿನ ತುದಿಯ ಕಡೆಗೆ ಆರು ಸುತ್ತು ಸುತ್ತುತ್ತಾ ಬನ್ನಿ. ಉಳಿದ ತುದಿಯನ್ನು ರೀಫಿಲ್ ಒಳಗೆ ತೂರಿಸಿ ಆ ಕಡೆಯಿಂದ ಹೊರತೆಗೆಯಿರಿ. ಈಗ ಸುತ್ತುಗಳನ್ನು ಬೆರಳಲ್ಲಿ ಒತ್ತಿ ಹಿಡಿದು, ರೀಫಿಲ್ ಮಾತ್ರ ಜಾರಿಸಿ ತೆಗೆಯಿರಿ. ಈ ಒಂದು ಕ್ಷಣದಲ್ಲಿ ಬೆರಳು ಸಡಿಲ ಬಿಟ್ಟರೆ ಎಲ್ಲ ಹೋಯಿತು. ನನಗೆ ಸರಿಯಾಗಿ ಬರಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಒದ್ದೆ ಮಾಡಿ, ಎರಡೂ ತುದಿ ನಿಧಾನಕ್ಕೆ ಎಳೆದು, ಸುತ್ತುಗಳು ಹೊದಿಕೆಯೊಳಗೆ ಕಚ್ಚಿಕೊಳ್ಳುವ ಹಾಗೆ ಬಿಗಿ ಮಾಡಿ. ಮೇಲೆ ಚಪ್ಪಲಿ ಅಂಟಿಸುವ ರಬ್ಬರ್ ಸಲ್ಯೂಷನ್ ತೆಳ್ಳಗೆ ಸವರಿದರೆ ರಿಂಗಿನಲ್ಲಿ ನುಣ್ಣಗೆ ಹಾಯುತ್ತದೆ. ಸೂಪರ್ ಗ್ಲೂ ಬೇಡ, ಗಡಸಾಗಿ ಅದರ ಅಂಚಿನಲ್ಲಿ ಲೈನ್ ಬಿರುಕು ಬಿಡುತ್ತದೆ.

ಒಂದು ಮಾತು ಇನ್ನೂ ಇದೆ. ನಿಮ್ಮ ರಾಡ್ ಒಂಬತ್ತು ಅಡಿ ಇರಬಹುದು. ಲೀಡರ್ ಮತ್ತು ಟಿಪ್ಪೆಟ್ ಸೇರಿ ಹನ್ನೆರಡು ಅಡಿ ಆದರೆ, ಮೀನು ದಡಕ್ಕೆ ಬರುವಾಗ ಸೇರುವೆ ರಿಂಗಿನ ಒಳಗೆ ಹೋಗೇ ಹೋಗುತ್ತದೆ. ಕೆರೆ ದಂಡೆಯಲ್ಲಿ ಒಬ್ಬರೇ ನಿಂತು ಹಿಡಿಯುವವರಿಗೆ ರಾಡಿನಷ್ಟೇ ಉದ್ದದ ಲೀಡರ್ ಸಾಕು.

ಲೀಡರಿಗೆ ಟಿಪ್ಪೆಟ್ ಸೇರಿಸಲು ಸರ್ಜನ್ ಗಂಟು. ಎರಡು ದಾರಗಳನ್ನು ಒಂದು ಗೇಣು ಪಕ್ಕಪಕ್ಕ ಇಟ್ಟು, ಎರಡನ್ನೂ ಒಂದೇ ದಾರ ಅಂತ ತಿಳಿದು ಸಾದಾ ಗಂಟು ಹಾಕಿ. ಬರೀ ಒಂದು ಸಲ ತೂರಿಸುವ ಬದಲು ಮೂರು ಸಲ ತೂರಿಸಿ. ಒದ್ದೆ ಮಾಡಿ ನಾಲ್ಕೂ ತುದಿಗಳನ್ನು ಒಟ್ಟಿಗೆ ಎಳೆಯಿರಿ. ಎರಡು ತುದಿ ಮಾತ್ರ ಎಳೆದರೆ ಒಳಗಿನ ಒಂದು ಎಳೆ ಸಡಿಲ ಉಳಿದು, ಅಲ್ಲೇ ಹರಿಯುತ್ತದೆ. ಸಂಜೆ ಬೆಳಕು ಕಮ್ಮಿಯಾದಾಗಲೂ ಈ ಗಂಟು ಹಾಕಬಹುದು. ದಪ್ಪ ತೆಳು ದಾರಗಳ ವ್ಯತ್ಯಾಸ ಇದ್ದರೂ ನಡೆಯುತ್ತದೆ. ಬ್ಲಡ್ ಗಂಟು ಇದಕ್ಕಿಂತ ಚೆಂದ, ಸಣ್ಣದು, ನೇರ. ನನಗೆ ಅದರ ಮೇಲೆ ಪ್ರೀತಿ. ಆದರೆ ಎರಡು ದಾರಗಳ ದಪ್ಪ ಹತ್ತಿರ ಹತ್ತಿರ ಇದ್ದರೆ ಮಾತ್ರ ಅದು ಚೆನ್ನಾಗಿ ಕೂರುತ್ತದೆ. ಮನೆಯಲ್ಲಿ ಲೀಡರ್ ತಯಾರಿಸುವ ಆಸೆ ಬಂದಾಗ ಕಲಿಯಿರಿ.

ಸೂಳೆಕೆರೆಯಲ್ಲಿ ಕೊರವ, ಬಾಳೆ ಮೀನಿನ ಹಿಂದೆ ಬಿದ್ದರೆ ಲೆಕ್ಕ ಬೇರೆ. ಅವಕ್ಕೆ ಹಲ್ಲಿದೆ. ಫ್ಲೈ ಹತ್ತಿರ ಒಂದು ಗೇಣು 0.40 ಮಿ.ಮೀ. ದಾರ ಹಾಕಿ, ಫ್ಲೈಯನ್ನು ಬಿಗಿ ಗಂಟಿನ ಬದಲು ಜಾರದ ಕುಣಿಕೆಯಲ್ಲಿ ಕಟ್ಟಿ. ಅಮೆರಿಕದ ಫ್ಲೈ ಮೀನುಗಾರ ಲೆಫ್ಟಿ ಕ್ರೇ ಅವರು ಜನಪ್ರಿಯ ಮಾಡಿದ ಗಂಟು ಅದು. ದಪ್ಪ ದಾರ ಬಿಗಿಯಾಗಿದ್ದರೆ ಫ್ಲೈ ಕಡ್ಡಿಯ ಹಾಗೆ ಬರುತ್ತದೆ, ಕುಣಿಕೆಯಲ್ಲಿ ಇದ್ದರೆ ಮರಿಮೀನಿನ ಹಾಗೆ ಓಲಾಡುತ್ತದೆ.

ಗಾಳಿಗಂಟಿನ ವಿಷಯ ಬಾಕಿ ಇದೆ. ಹೆಸರು ಗಾಳಿಯದ್ದು, ತಪ್ಪು ಕೈಯದ್ದು. ಮುಂದಕ್ಕೆ ಬೀಸುವಾಗ ಒಮ್ಮೆಲೆ ಜೋರು ಹಾಕಿದರೆ ಲೀಡರ್ ತನ್ನನ್ನೇ ದಾಟಿ ಸಾದಾ ಗಂಟು ಬೀಳುತ್ತದೆ. ಆದರೂ ನಮ್ಮ ಕಡೆ ಗಾಳಿಯದ್ದೂ ಪಾಲಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆಷಾಢದಲ್ಲಿ ಎದುರುಗಾಳಿಗೆ ಎಲ್ಲರೂ ಜೋರಾಗಿ ಬೀಸುತ್ತಾರೆ, ಆಗಲೇ ಗಂಟು ಬೀಳೋದು. ಅಂಥ ಒಂದು ಗಂಟು ದಾರದ ಬಲವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ. ಹತ್ತು ಹದಿನೈದು ಸಲ ಬೀಸಿದ ಮೇಲೆ ಒಮ್ಮೆ ಲೀಡರನ್ನು ಬೆರಳಲ್ಲಿ ಸವರಿ ನೋಡಿ. ಗಂಟು ಸಡಿಲ ಇದ್ದರೆ ಸೂಜಿಯಿಂದ ಬಿಚ್ಚಿ. ಬಿಗಿದಿದ್ದರೆ ಬಿಚ್ಚಬೇಡಿ, ಕತ್ತರಿಸಿ.

ಈಗ ನಿಮ್ಮ ಮೊದಲ ಪ್ರಶ್ನೆ. ಎಲ್ಲಕ್ಕಿಂತ ಗಟ್ಟಿ ಗಂಟು ಯಾವುದು? ನಿಮ್ಮ ದಾರಕ್ಕೆ, ನಿಮ್ಮ ಬೆರಳಿಗೆ ಯಾವುದು ಅಂತ ನೀವೇ ಕಂಡುಕೊಳ್ಳಬಹುದು. ಎರಡು ಅಡಿ ದಾರದ ಎರಡೂ ತುದಿಗೆ ಎರಡು ಹಳೆ ಗಾಳ. ಒಂದಕ್ಕೆ ಕ್ಲಿಂಚ್, ಇನ್ನೊಂದಕ್ಕೆ ನೀವು ಪರೀಕ್ಷೆ ಮಾಡಬೇಕಾದ ಗಂಟು. ಒಂದು ಗಾಳ ಬಾಗಿಲ ಚಿಲಕಕ್ಕೆ, ಇನ್ನೊಂದು ಇಕ್ಕಳಕ್ಕೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಎಳೆಯಿರಿ. ಯಾವುದು ಮೊದಲು ಬಿಟ್ಟಿತು ಅಂತ ಬರೆದಿಡಿ. ಹತ್ತು ಸಲ ಮಾಡಿ. ಪಾಲೊಮಾರ್, ಯೂನಿ, ಡೇವಿ ಯಾವುದನ್ನಾದರೂ ಹೀಗೆ ಎದುರಿಗೆ ಹಾಕಿ ನೋಡಬಹುದು. ನನ್ನ ಕೈಯಲ್ಲಿ ಸರಿಯಾಗಿ ಕೂತ ಸುಲಭದ ಗಂಟು, ಅವಸರದ ಹೆಸರುವಾಸಿ ಗಂಟನ್ನು ಪ್ರತಿ ಸಲ ಗೆದ್ದಿದೆ.

ಇನ್ನೊಂದು ಪರೀಕ್ಷೆಯೂ ಮಾಡಿ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ರಾಡನ್ನು ಬಿಲ್ಲಿನ ಹಾಗೆ ಬಾಗಿಸಿ ಎಳೆಯಿರಿ. ಐದನೇ ನಂಬರಿನ ರಾಡಿನಲ್ಲಿ ಒಂದು ಕೆಜಿ ದಾಟಿಸೋದು ಕಷ್ಟ. ನಿಮ್ಮ 5 ಎಕ್ಸ್ ದಾರವೂ ಸುಮಾರು ಎರಡು ಕೆಜಿ ತಡೆಯುತ್ತದೆ. ಅಂದರೆ ರಾಡ್ ಬಾಗಿರುವವರೆಗೆ ಕೂತ ಗಂಟಿಗೆ ಭಯವಿಲ್ಲ. ರಾಡನ್ನು ಮೀನಿನ ಕಡೆ ನೇರ ಚಾಚಿದಾಗ, ಲೈನನ್ನು ಬೆರಳಲ್ಲಿ ಬಿಗಿ ಹಿಡಿದಾಗ ಪೂರ್ತಿ ಜಗ್ಗು ಗಂಟಿನ ಮೇಲೆ ಬೀಳುತ್ತದೆ. ಮೀನು ಓಡಿದರೆ ಲೈನ್ ಬಿಡಿ, ರಾಡ್ ಎತ್ತಿ.

ಎಷ್ಟು ಗಂಟು ಅಂತ ಕೇಳಿದ್ದೀರಿ. ನಿಮಗೆ ಈ ವರ್ಷಕ್ಕೆ ಕ್ಲಿಂಚ್ ಮತ್ತು ಸರ್ಜನ್, ಎರಡೇ. ಟಿವಿ ಮುಂದೆ ಕೂತು ದಪ್ಪ ದಾರದಲ್ಲಿ ಐವತ್ತು ಸಲ, ಆಮೇಲೆ ತೆಳು ದಾರದಲ್ಲಿ ಐವತ್ತು ಸಲ. ಕಡೆಗೆ ದೀಪ ಆರಿಸಿ ಹತ್ತು ಸಲ.

ದಾರದ ಉಂಡೆಗಳನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಬಿಸಿಲಿಗೆ ನೈಲಾನ್ ಹಾಳಾಗುತ್ತದೆ. ನೈಲಾನ್ ಟಿಪ್ಪೆಟ್ಟನ್ನು ಎರಡು ವರ್ಷಕ್ಕಿಂತ ಜಾಸ್ತಿ ನಾನು ಇಟ್ಟುಕೊಳ್ಳೋದಿಲ್ಲ. ಕೆರೆ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ಕತ್ತರಿಸಿದ ತುಂಡುಗಳನ್ನು ದಂಡೆಯಲ್ಲಿ ಬಿಸಾಡಬೇಡಿ. ಕುಂದವಾಡ ಕೆರೆಯಲ್ಲಿ ಒಂದು ನೀರುಕಾಗೆ ಎರಡೂ ಕಾಲಿಗೆ ತಂಗೂಸಿ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದನ್ನು ನೋಡಿದ್ದೇನೆ. ಹಾರಲೂ ಆಗದು, ಮುಳುಗಲೂ ಆಗದು. ಟವೆಲ್ ಮುಚ್ಚಿ ಹಿಡಿದು, ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಅವತ್ತಿಂದ ಜೇಬಿನಲ್ಲಿ ಒಂದು ಖಾಲಿ ಮಾತ್ರೆ ಡಬ್ಬಿ ಇರುತ್ತದೆ, ತುಂಡೆಲ್ಲ ಅದಕ್ಕೆ.

ನೀವೂ ಅಂಥದ್ದೊಂದು ಡಬ್ಬಿ ಇಟ್ಟುಕೊಳ್ಳಿ. ಮುಂದಿನ ಸಲ ಮೀನು ತಪ್ಪಿದರೆ ಕೊನೆಯ ಎರಡು ಇಂಚು ದಾರ ಕತ್ತರಿಸಿ ಬಿಳಿ ಹಾಳೆಯ ಮೇಲೆ ಟೇಪ್ ಹಾಕಿ ಅಂಟಿಸಿ. ಪಕ್ಕದಲ್ಲಿ ಯಾವ ದಾರ, ಎಷ್ಟು ಸುತ್ತು, ಒದ್ದೆ ಮಾಡಿದ್ದಿರೋ ಇಲ್ಲವೋ ಬರೆಯಿರಿ. ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.